ಮನೆಗೆ ಕಳಿಸುವ ಹೊತ್ತು: ಮಲೆನಾಡಿನಲ್ಲಿ ಸಾವು, ದುಃಖ ಮತ್ತು ಶುಶ್ರೂಷೆ

ಮಲೆನಾಡಿನ ಹಳ್ಳಿಗಳಲ್ಲಿ ದೀರ್ಘ ಕಾಯಿಲೆಯವರು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಸಾಯಲು ಬಯಸುವುದಿಲ್ಲ, ಅವರ ಮನೆಯವರೂ ಬಯಸುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಘಾಟಿ ಇಳಿದು ಮಣಿಪಾಲದಲ್ಲೋ ತಿಂಗಳುಗಟ್ಟಲೆ ಚಿಕಿತ್ಸೆ ನಡೆದು, ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲವೆಂದು ವೈದ್ಯರು ತಿಳಿಸಿದ ದಿನವೇ ಆಂಬುಲೆನ್ಸ್ ಹಿಡಿದು ರೋಗಿಯನ್ನು ತೀರ್ಥಹಳ್ಳಿಯಾಚೆಯ ಊರಿಗೋ ಹೊಸನಗರದ ಕಾಡಂಚಿನ ಒಂಟಿ ಮನೆಗೋ ಕರೆದೊಯ್ಯುವುದು ಇಲ್ಲಿ ರೂಢಿ. "ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಎಂಬ ಎರಡು ಮಾತಿನಲ್ಲಿ ಆಸ್ಪತ್ರೆಯ ಪಾಲಿನ ಕೆಲಸ ಮುಗಿಯುತ್ತದೆ. ಅಲ್ಲಿಯವರೆಗೆ ತರಬೇತಿ ಪಡೆದ ನರ್ಸ್‌ಗಳು ಪಾಳಿಯ ಮೇಲೆ ಮಾಡುತ್ತಿದ್ದುದನ್ನೆಲ್ಲ, ಯಾವ ತರಬೇತಿಯೂ ಇಲ್ಲದ ಮನೆಮಂದಿ ಅಂದು ರಾತ್ರಿಯಿಂದಲೇ ಮಾಡಬೇಕಾಗುತ್ತದೆ.

ಸಾವು ಮತ್ತು ದುಃಖದ ಶುಶ್ರೂಷೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಡಿಸ್ಚಾರ್ಜ್‌ನ ಗಳಿಗೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ಈ ಲೇಖನದ ವಾದ. ನಗರದ ದೊಡ್ಡ ಆಸ್ಪತ್ರೆಗಳ ಮಟ್ಟಿಗೆ ಕೊನೆಯ ಗಳಿಗೆ ಐಸಿಯುವಿನಲ್ಲಿ ಬರಬಹುದು. ನಮ್ಮ ಸೀಮೆಯಲ್ಲಿ ನರ್ಸ್ ಮತ್ತು ಸಾಯುತ್ತಿರುವವರ ನಡುವಿನ ಕೊನೆಯ ಭೇಟಿ ಬಹುಪಾಲು ವಾರ್ಡಿನ ಬಾಗಿಲಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಕೊಡಬೇಕಾದುದನ್ನು ಕೊಡದಿದ್ದರೆ ಆಮೇಲೆ ಕೊಡಲು ಸುಲಭದ ದಾರಿಯಿಲ್ಲ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಸಂಚಾರ ನಿಲ್ಲುವ ದಿನಗಳಿರುತ್ತವೆ, ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಯವರಿಗಂತೂ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ, ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಬಳಸು ದಾರಿಯೊಂದೇ ಗತಿಯಾಗಿತ್ತು.

ಶುಶ್ರೂಷೆಗೆ ಇದು ಹೊರಗಿನ ವಿಷಯವೂ ಅಲ್ಲ. ಅಮೆರಿಕದ ವರ್ಜೀನಿಯಾ ಹೆಂಡರ್ಸನ್ ರೂಪಿಸಿ, 1960ರಲ್ಲಿ ಅಂತರರಾಷ್ಟ್ರೀಯ ನರ್ಸ್‌ಗಳ ಪರಿಷತ್ತು ಪ್ರಕಟಿಸಿದ ಪ್ರಸಿದ್ಧ ವ್ಯಾಖ್ಯೆಯಲ್ಲಿ, ಆರೋಗ್ಯಕ್ಕೆ, ಚೇತರಿಕೆಗೆ ಅಥವಾ ಶಾಂತವಾದ ಮರಣಕ್ಕೆ ನೆರವಾಗುವ ಕೆಲಸಗಳನ್ನು, ತನ್ನಿಂದ ತಾನೇ ಮಾಡಿಕೊಳ್ಳಲಾಗದ ವ್ಯಕ್ತಿಯ ಪರವಾಗಿ ಮಾಡುವುದೇ ನರ್ಸ್‌ನ ವಿಶಿಷ್ಟ ಕರ್ತವ್ಯ ಎಂದಿದೆ. ಮರಣವು ಚೇತರಿಕೆಯ ಪಕ್ಕದಲ್ಲಿಯೇ, ಅದೇ ವಾಕ್ಯದಲ್ಲಿ ಕುಳಿತಿದೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪ್ರಕಟಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವೂ ಇದನ್ನು ಮರೆತಿಲ್ಲ. ಮೊದಲ ವರ್ಷದಲ್ಲಿಯೇ ನಷ್ಟದ ಬಗೆಗಳು, ದುಃಖದ ಲಕ್ಷಣಗಳು, ಸಾವು ಸಮೀಪಿಸಿದ ಚಿಹ್ನೆಗಳು, ಮರಣಾನಂತರ ದೇಹದ ಆರೈಕೆ, ಬಂಧುಗಳಿಗೆ ಸಾಂತ್ವನ, ಮುಂಗಡ ನಿರ್ದೇಶನ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವುದು), ಅಂಗದಾನ ಇವೆಲ್ಲವೂ ಒಂದು ಘಟಕದಲ್ಲಿ ಬರುತ್ತವೆ. ಪಟ್ಟಿಯಲ್ಲಿ ಕೊರತೆಯಿಲ್ಲ. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ, ಒಂದು ಸಾವನ್ನೂ ಹತ್ತಿರದಿಂದ ಕಾಣದ ವಿದ್ಯಾರ್ಥಿನಿ ಅದನ್ನು ಪರೀಕ್ಷೆಗೆಂದು ಓದಿ ಮುಗಿಸುತ್ತಾಳೆ, ವಾರ್ಡಿಗೆ ಬಂದಾಗ ಅವಳಿಗೆ ಜ್ಞಾಪಕವಿರುವುದು ದುಃಖದ ಐದು ಹಂತಗಳು ಮಾತ್ರ. ಕೊರತೆ ಇರುವುದು ಅಲ್ಲಿ.

ಆ ಐದು ಹಂತಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅವುಗಳಿಂದ ಉಪಕಾರವಾದಷ್ಟೇ ಅಪಕಾರವೂ ಆಗಿದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್, ಸಾಯುತ್ತಿರುವ ರೋಗಿಗಳ ಜೊತೆ ಷಿಕಾಗೊದಲ್ಲಿ ನಡೆಸಿದ ಮಾತುಕತೆಗಳ ಆಧಾರದಲ್ಲಿ 1969ರಲ್ಲಿ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ ಎಂಬ ಐದು ಹಂತಗಳನ್ನು ಮುಂದಿಟ್ಟರು. ವೈದ್ಯರು ರೋಗಿಯ ಮುಂದೆ ಸಾವಿನ ಮಾತೆತ್ತಲೂ ಅಳುಕುತ್ತಿದ್ದ ಕಾಲದಲ್ಲಿ, ಸಾಯುತ್ತಿರುವವರನ್ನೇ ಮಾತನಾಡಿಸಿದ್ದು ಅವರ ದೊಡ್ಡತನ. ಆ ಹಂತಗಳು ತಮ್ಮ ಸಾವನ್ನು ಎದುರಿಸುತ್ತಿರುವವರನ್ನು ಕುರಿತದ್ದಾಗಿದ್ದವು. ಬಂಧುಗಳನ್ನು ಕಳೆದುಕೊಂಡವರಿಗೂ ಅವನ್ನು ಅನ್ವಯಿಸುವುದು, ಒಂದಾದ ಮೇಲೊಂದು ಬರಲೇಬೇಕೆಂದು ನಿರೀಕ್ಷಿಸುವುದು ಆಮೇಲೆ ಬೆಳೆದ ಅಭ್ಯಾಸ. ತಮ್ಮ ಮಾತನ್ನು ಜನ ತಪ್ಪಾಗಿ ಗ್ರಹಿಸಿದ್ದಾರೆ, ಕಲಸುಮೇಲೋಗರವಾದ ಭಾವನೆಗಳನ್ನು ಒಪ್ಪವಾಗಿ ಕಟ್ಟಿಡುವ ಉದ್ದೇಶ ತಮಗಿರಲಿಲ್ಲ ಎಂದು ಅವರೇ ಕೊನೆಗಾಲದಲ್ಲಿ ಬರೆದರು. ಆದರೂ ವಾರ್ಡಿನಲ್ಲಿ "ಇನ್ನೂ ಡಿನೈಯಲ್‌ನಲ್ಲಿದಾರೆ" ಎಂಬ ಷರಾ ಸುಲಭವಾಗಿ ಬೀಳುತ್ತದೆ. ಹಾಗೆ ಷರಾ ಬರೆದ ಮೇಲೆ ಆ ಮನುಷ್ಯನ ಪಕ್ಕದಲ್ಲಿ ಕೂರುವ ಅಗತ್ಯ ಕಡಿಮೆಯಾಗುತ್ತದೆ ಎಂಬುದೇ ಅದರ ಅಪಾಯ.

ಇದಕ್ಕಿಂತ ನಮ್ಮ ಕಣ್ಣಿಗೆ ಹೆಚ್ಚು ಹೊಂದುವ ವಿವರಣೆಯೊಂದನ್ನು 1999ರಲ್ಲಿ ನೆದರ್ಲೆಂಡ್ಸ್‌ನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಕೊಟ್ಟರು. ದುಃಖದಲ್ಲಿರುವವರು ಒಮ್ಮೆ ನಷ್ಟದ ಕಡೆಗೆ, ಒಮ್ಮೆ ನಡೆಯಬೇಕಾದ ಬದುಕಿನ ಕಡೆಗೆ ಹೀಗೆ ಎರಡರ ನಡುವೆ ಓಲಾಡುತ್ತಲೇ ಇರುತ್ತಾರೆ, ಆ ಓಲಾಟವೇ ಆರೋಗ್ಯದ ಲಕ್ಷಣ ಎಂಬುದು ಅವರ ಪ್ರತಿಪಾದನೆ. ಅಡಿಕೆ ಕೊಯ್ಲಿನ ಹೊತ್ತಿಗೆ ತಂದೆ ತೀರಿಕೊಂಡ ಮನೆಯಲ್ಲಿ, ಮಗ ಬೆಳಿಗ್ಗೆ ಕರ್ಮಕ್ಕೆ ಕುಳಿತು, ಮಧ್ಯಾಹ್ನ ಅಡಿಕೆಗೊನೆ ಇಳಿಸುವ ಕೊನೆಗೌಡನ ಹಿಂದೆ ತೋಟಕ್ಕಿಳಿದು, ರಾತ್ರಿ ಅಡಿಕೆ ಸುಲಿಯುವವರ ನಡುವೆ ನಕ್ಕು ಮಾತಾಡಿ, ಮಲಗುವಾಗ ಗೋಡೆಯ ಕಡೆ ತಿರುಗಿ ಅಳುವುದನ್ನು ನೋಡಿದವರಿಗೆ ಇದು ಹೊಸ ಸಂಗತಿಯೇನಲ್ಲ. ಅವನು ನಗುತ್ತಿದ್ದಾನೆಂದು ದುಃಖವಿಲ್ಲವೆಂದೋ, ಅಳುತ್ತಿದ್ದಾನೆಂದು ಸೋತನೆಂದೋ ತೀರ್ಮಾನಿಸದಿರುವುದೇ ನರ್ಸ್ ಈ ವಿವರಣೆಯಿಂದ ಪಡೆಯಬಹುದಾದ ಲಾಭ.

ನಷ್ಟವೆಂಬುದು ಸಾವಿನೊಂದಿಗೇ ಆರಂಭವಾಗುವುದಿಲ್ಲ. ಸಾವಿಗೆ ಮುಂಚೆಯೇ ಕಾಣಿಸಿಕೊಳ್ಳುವ ದುಃಖವನ್ನು ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿಯೇ ಗುರುತಿಸಿದ್ದರು. ನಮ್ಮ ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಬಾಯಿಯ ಕ್ಯಾನ್ಸರ್ ಇದಕ್ಕೆ ಅತ್ಯಂತ ಕ್ರೂರವಾದ ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯ ಆರ್ಥಿಕತೆಯ ಮೇಲೆ ನಿಂತ ಸೀಮೆಯಲ್ಲಿ ಆ ವರ್ಗೀಕರಣದ ಬಗ್ಗೆ ಇರುವ ವಿವಾದ ಏನೇ ಇರಲಿ, ತಂಬಾಕು ಬೆರೆತ ಕವಳ ಮತ್ತು ಗುಟ್ಕಾ ಏನು ಮಾಡುತ್ತವೆಂಬುದರ ಬಗ್ಗೆ ವಾರ್ಡಿನಲ್ಲಿ ವಿವಾದವಿಲ್ಲ. ರೋಗಿ ಮೊದಲು ಖಾರ ತಿನ್ನುವುದನ್ನು ಬಿಡುತ್ತಾನೆ, ಆಮೇಲೆ ಅಗಿಯುವುದನ್ನು, ಶಸ್ತ್ರಚಿಕಿತ್ಸೆಯಲ್ಲಿ ನಾಲಿಗೆಯ ಭಾಗ ಹೋದರೆ ಮಾತನ್ನು, ದವಡೆ ಹೋದರೆ ಮುಖವನ್ನೇ ಕಳೆದುಕೊಳ್ಳುತ್ತಾನೆ. ಗಾಯ ಕೊಳೆತು ವಾಸನೆ ಬಂದಾಗ ಮೊಮ್ಮಕ್ಕಳು ಹತ್ತಿರ ಬರುವುದು ನಿಲ್ಲುತ್ತದೆ, ಊಟದ ತಟ್ಟೆ ಪಡಸಾಲೆಯಿಂದ ಹಿತ್ತಲಿನ ಕೋಣೆಗೆ ಹೋಗುತ್ತದೆ. ದೇಹ ಸಾಯುವ ಎಷ್ಟೋ ಮೊದಲು ಮನೆಯ ಯಜಮಾನನೆಂಬವನು ಇಲ್ಲವಾಗಿರುತ್ತಾನೆ.

ಇಲ್ಲಿ ಶುಶ್ರೂಷೆ ಮಾಡಬಲ್ಲದ್ದು ಬರೀ ಸಮಾಧಾನದ ಮಾತಲ್ಲ. ಮೆಟ್ರೊನಿಡಜೋಲ್ ಎಂಬ ಸೋಂಕುನಿವಾರಕ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ತೊಳೆದ ಗಾಯದ ಮೇಲೆ ಉದುರಿಸುವುದರಿಂದ ದುರ್ವಾಸನೆ ಬಹಳ ಮಟ್ಟಿಗೆ ತಗ್ಗುತ್ತದೆ ಎಂಬುದು ಉಪಶಾಮಕ ಆರೈಕೆಯಲ್ಲಿ, ಅಂದರೆ ಗುಣವಾಗದ ಕಾಯಿಲೆಯವರ ನೋವು ಬಾಧೆಗಳನ್ನು ತಗ್ಗಿಸುವ ಆರೈಕೆಯಲ್ಲಿ, ದೇಶದಾದ್ಯಂತ ಬಳಕೆಯಲ್ಲಿರುವ, ಅತಿ ಕಡಿಮೆ ಖರ್ಚಿನ ಉಪಾಯ. ವಾಸನೆ ತಗ್ಗಿದ ಮೇಲೆ ಮೊಮ್ಮಕ್ಕಳು ಮತ್ತೆ ಹಾಸಿಗೆಯ ಬಳಿ ಬರುತ್ತಾರೆ. ಹಾಗಾದರೆ ಅದು ಗಾಯದ ಆರೈಕೆಯೋ ದುಃಖದ ಆರೈಕೆಯೋ ಎಂದು ವಿಂಗಡಿಸಲು ಹೋಗುವುದು ವ್ಯರ್ಥ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಸಾಯುತ್ತಿರುವವರ ಆರೈಕೆಯ ಕೇಂದ್ರವನ್ನು ಆರಂಭಿಸಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿ, ನಂತರ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ಕೆಲಸ ಮಾಡಿದವರು. ದೇಹದ, ಮನಸ್ಸಿನ, ಸಂಸಾರದ ಮತ್ತು ಆತ್ಮದ ನೋವು ಒಂದೇ ನೋವಿನ ಮುಖಗಳು ಎಂಬ ಅವರ ಪರಿಕಲ್ಪನೆ ಈ ಮೂರೂ ಕೆಲಸಗಳ ಅನುಭವದಿಂದ ಬಂದದ್ದು.

ಹಳೆಯ ನಷ್ಟಗಳೂ ಕೊನೆಗಾಲದಲ್ಲಿ ಎದ್ದು ಬರುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆ, ಗದ್ದೆ, ದೇವರ ಬನ ಎಲ್ಲ ಮುಳುಗಿ ಬೇರೆ ಕಡೆಗೆ ಎಬ್ಬಿಸಲ್ಪಟ್ಟ ಕುಟುಂಬಗಳ ಅಂದಿನ ಮಕ್ಕಳು ಇಂದು ಎಪ್ಪತ್ತು ಎಂಬತ್ತರ ವೃದ್ಧರು. ಅಂಥವರೊಬ್ಬರು ಜ್ವರದ ಗುಂಗಿನಲ್ಲಿ ಮುಳುಗಿದ ಊರಿನ ಹೆಸರು ಹೇಳಿ "ಅಲ್ಲಿಗೆ ಹೋಗಬೇಕು" ಎಂದು ಹಠ ಹಿಡಿದರೆ, ಅದನ್ನು ಭ್ರಮೆ ಎಂದು ಕೇಸ್ ಶೀಟಿನಲ್ಲಿ ದಾಖಲಿಸುವುದು ತಪ್ಪಲ್ಲ, ಅಷ್ಟಕ್ಕೇ ನಿಲ್ಲಿಸುವುದು ಸಾಲದು. ಆ ಊರಲ್ಲಿ ಏನಿತ್ತು ಎಂದು ಕೇಳಿದ ನರ್ಸ್‌ಗೆ ಮುದುಕರು ಒಂದೇ ಸಮನೆ ಅರ್ಧ ಗಂಟೆ ಮಾತಾಡಬಹುದು, ಆ ಅರ್ಧ ಗಂಟೆಯಲ್ಲಿ ಅವರ ಕೈ ಡ್ರಿಪ್ಪಿನ ಸೂಜಿಯನ್ನು ಕೀಳಲು ಹೋಗದೆಯೂ ಇರಬಹುದು.

ಇನ್ನು ಎಲ್ಲ ವಾರ್ಡುಗಳಲ್ಲೂ ನಡೆಯುವ, ಯಾವ ನರ್ಸೂ ತಪ್ಪಿಸಿಕೊಳ್ಳಲಾಗದ ಒಂದು ಸನ್ನಿವೇಶ. ಮಗ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ, "ಅಪ್ಪಂಗೆ ಏನೂ ಹೇಳ್ಬೇಡಿ ಸಿಸ್ಟರ್, ಎದೆ ಒಡ್ಕೊಂಡು ಬಿಡ್ತಾರೆ" ಎನ್ನುತ್ತಾನೆ. ಒಳಗೆ ಹೋದರೆ ಅಪ್ಪ, "ನಂದು ಮುಗೀತು ಅಂತ ಗೊತ್ತು ಕಣಮ್ಮ, ಹುಡುಗ ತಡ್ಕೊಳ್ಳಲ್ಲ, ಅವನಿಗೆ ಹೇಳ್ಬೇಡ" ಎನ್ನುತ್ತಾರೆ. ಇಬ್ಬರಿಗೂ ಗೊತ್ತಿದೆ, ಇಬ್ಬರೂ ಪರಸ್ಪರರಿಂದ ಮುಚ್ಚಿಡುತ್ತಿದ್ದಾರೆ, ಎರಡೂ ಗುಟ್ಟುಗಳ ಭಾರ ನರ್ಸ್‌ನ ಮೇಲಿದೆ. ರೋಗದ ವಿವರವನ್ನು ಮೊದಲು ತಿಳಿಸುವುದು ವೈದ್ಯರ ಹೊಣೆ, ನರ್ಸ್ ಅದನ್ನು ಮೈಮೇಲೆ ಎಳೆದುಕೊಳ್ಳಬೇಕಿಲ್ಲ. ಹಾಗೆಂದು ಸುಳ್ಳಿನ ಪಾಲುದಾರಳಾಗಬೇಕಾಗಿಯೂ ಇಲ್ಲ. ಮಗನನ್ನು ಗದರಿಸಿ ರೋಗಿಯ ಹಕ್ಕಿನ ಬಗ್ಗೆ ಉಪನ್ಯಾಸ ಕೊಡುವುದರಿಂದ ಬಾಗಿಲು ಮುಚ್ಚಿಹೋಗುತ್ತದೆ, ಏಕೆಂದರೆ ಅವನ ಕೋರಿಕೆಯ ಹಿಂದಿರುವುದು ಅಧಿಕಾರವಲ್ಲ, ಹೆದರಿಕೆ. "ನಾನಾಗಿ ಏನೂ ಹೇಳಲ್ಲ ಅಣ್ಣ. ಆದ್ರೆ ಅವರೇ ಕೇಳಿದ್ರೆ ಏನು ಹೇಳ್ಲಿ? ಅವರಿಗೆ ಎಷ್ಟು ಗೊತ್ತಿದೆ ಅಂತ ನಾವಿಬ್ರೂ ಸೇರಿ ಕೇಳೋಣ್ವಾ?" ಎಂಬಂಥ ಮಾತು ಅವನನ್ನು ಒಂದು ಹೆಜ್ಜೆ ಮುಂದಕ್ಕೆ ತರುತ್ತದೆ. ತಂದೆಯ ಬಳಿ, "ನಿಮಗೆ ಏನನ್ನಿಸ್ತಾ ಇದೆ ಅಜ್ಜ?" ಎಂದಷ್ಟೇ ಕೇಳಿ ಸುಮ್ಮನಿರುವುದು ಹೆಚ್ಚಿನ ಸಲ ಸಾಕಾಗುತ್ತದೆ. ಆ ಮೌನವನ್ನು ತಡೆದುಕೊಳ್ಳುವುದು ಕಷ್ಟ. "ಏನೂ ಆಗಲ್ಲ, ಧೈರ್ಯವಾಗಿರಿ" ಎಂಬ ಮಾತು ಅದಾಗಿಯೇ ಬಾಯಿಗೆ ಬರುತ್ತದೆ. ರೋಗಿಗಳ ತಲೆಯ ಮೇಲೆ ಸುರಿಯುವ ಇಂಥ ಹುಸಿ ಭರವಸೆಗಳು ಅವರನ್ನು ಎಷ್ಟು ಹಿಂಸಿಸುತ್ತವೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಕಟುವಾಗಿ ಬರೆದಿದ್ದಾರೆ.

ಈ ಗುಟ್ಟು ಬಿಚ್ಚದೆ ಮನೆಗೆ ಹೋದರೆ ಆಗುವ ನಷ್ಟ ಲೌಕಿಕವಾದದ್ದೂ ಹೌದು. ತೋಟದ ಪಾಲು, ಸೊಸೈಟಿಯ ಸಾಲ, ಮದುವೆಯಾಗದ ಮಗಳ ವಿಚಾರ, ವರ್ಷಗಳಿಂದ ಮಾತು ಬಿಟ್ಟ ತಮ್ಮನನ್ನು ಕರೆಸುವ ವಿಚಾರ ಎಲ್ಲವೂ ಆಡದೆ ಉಳಿಯುತ್ತವೆ. ಹೀಗೆ ಉಳಿದ ಮಾತು ಬದುಕಿರುವವರ ದುಃಖವನ್ನು ಗಟ್ಟಿ ಮಾಡುತ್ತದೆ.

ಡಿಸ್ಚಾರ್ಜ್‌ನ ದಿನಕ್ಕೆ ಬರೋಣ. ಅಂದು ಮನೆಯವರ ಕೈಗೆ ಸಿಗುವುದು ಸಾಮಾನ್ಯವಾಗಿ ಇಂಗ್ಲಿಷಿನ ಸಾರಾಂಶ ಪತ್ರ, ಬಿಲ್ಲು ಮತ್ತು ಮಾತ್ರೆಯ ಚೀಟಿ. ಅವರಿಗೆ ಬೇಕಾಗಿರುವುದು ಮುಂದಿನ ದಿನಗಳಲ್ಲಿ ಏನೇನು ಕಾಣಿಸಿಕೊಳ್ಳುತ್ತದೆ ಎಂಬ ಕನ್ನಡದ ಒಂದು ಪುಟ ಮತ್ತು ಅದನ್ನು ವಿವರಿಸುವ ಒಬ್ಬರು. ಮೊದಲನೆಯದಾಗಿ ಊಟದ ವಿಚಾರ. ಸಾಯುತ್ತಿರುವ ದೇಹ ಆಹಾರವನ್ನು ಬೇಡುವುದಿಲ್ಲ. ಉಣ್ಣದಿರುವುದರಿಂದ ಸಾಯುತ್ತಿದ್ದಾರೆ ಎಂದು ಮನೆಯವರು ತಿಳಿಯುತ್ತಾರೆ, ನಿಜದಲ್ಲಿ ಸಾವು ಸಮೀಪಿಸಿರುವುದರಿಂದ ಉಣ್ಣುತ್ತಿಲ್ಲ. ಇದನ್ನು ಯಾರೂ ಹೇಳದಿದ್ದರೆ ಗಂಜಿಯನ್ನು ಬಲವಂತವಾಗಿ ಬಾಯಿಗೆ ಹಾಕಿ, ಅದು ಶ್ವಾಸಕೋಶಕ್ಕೆ ಇಳಿದು, ಕೊನೆಯ ದಿನಗಳು ಕೆಮ್ಮು ಏದುಸಿರುಗಳಲ್ಲಿ ಕಳೆಯುತ್ತವೆ. "ಡ್ರಿಪ್ಪಾದ್ರೂ ಹಾಕ್ಸಿ" ಎಂಬ ಒತ್ತಾಯವೂ ಇದೇ ಮೂಲದ್ದು. ಕೊನೆಯ ದಿನಗಳಲ್ಲಿ ರಕ್ತನಾಳಕ್ಕೆ ಕೊಡುವ ದ್ರವ ಹಲವು ಸಲ ಊತವನ್ನು ಮತ್ತು ಗಂಟಲಿನ ಕಫವನ್ನು ಹೆಚ್ಚಿಸುತ್ತದೆ. ಅದರ ಬದಲು ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ತುಟಿಗೆ ಬೆಣ್ಣೆಯನ್ನೋ ವ್ಯಾಸಲೀನನ್ನೋ ಸವರಿ, ಕೇಳಿದಾಗ ಹನಿ ಹನಿಯಾಗಿ ನೀರು ಕೊಡುವುದು ಸಾಕು. ಕೈಯಾರೆ ಏನಾದರೂ ಮಾಡಬೇಕೆಂಬ ಮನೆಯವರ ಹಂಬಲಕ್ಕೂ ಅದು ದಾರಿ.

ಉಸಿರಿನ ವಿಚಾರ ಇದಕ್ಕಿಂತ ಮುಖ್ಯ. ಕೊನೆಯ ಗಂಟೆಗಳಲ್ಲಿ ಉಸಿರು ಏರುತ್ತಾ ಹೋಗಿ, ಇಳಿದು, ಸ್ವಲ್ಪ ಹೊತ್ತು ನಿಂತೇ ಹೋಗಿ ಮತ್ತೆ ಆರಂಭವಾಗಬಹುದು. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ, ನುಂಗಲಾಗದ ಜೊಲ್ಲು ಅಲ್ಲಿ ನಿಲ್ಲುವುದೇ ಅದಕ್ಕೆ ಕಾರಣ. ಕೇಳುವವರಿಗೆ ಅದು ಭಯಂಕರ, ಪ್ರಜ್ಞೆ ಮಸುಕಾದ ರೋಗಿಗೆ ಅಷ್ಟು ಬಾಧೆಯಿಲ್ಲವೆಂದು ತಜ್ಞರ ಅಭಿಪ್ರಾಯ. ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಸದ್ದು ತಗ್ಗುತ್ತದೆ. ಪಾದ ತಣ್ಣಗಾಗಿ ಮಂಡಿಯ ಮೇಲೆ ನೀಲಿ ಮಚ್ಚೆ ಕಾಣುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇವನ್ನು ಮೊದಲೇ ಕೇಳಿದ್ದ ಮನೆಯವರು ಹತ್ತಿರ ಕುಳಿತು ಕೈ ಹಿಡಿಯುತ್ತಾರೆ. ಕೇಳದಿದ್ದವರು ನಡುರಾತ್ರಿ ಜೀಪು ಮಾಡಿಸಿ ಮತ್ತೆ ಆಸ್ಪತ್ರೆಗೆ ಓಡುತ್ತಾರೆ, ರೋಗಿ ಘಾಟಿಯ ತಿರುವಿನಲ್ಲಿ ತೀರಿಕೊಳ್ಳುತ್ತಾನೆ. "ಇನ್ನೊಂದು ಗಂಟೆ ಮೊದಲು ಹೊರಟಿದ್ದರೆ" ಎಂಬ ಅಪರಾಧಭಾವ ಅದಾದ ಮೇಲೆ ಜೀವನಪರ್ಯಂತ ಉಳಿಯುತ್ತದೆ, ಹತ್ತು ನಿಮಿಷದ ವಿವರಣೆಯಿಂದ ತಪ್ಪಿಸಬಹುದಾಗಿದ್ದ ದುಃಖವದು.

ನೋವಿನ ಔಷಧದ ವಿಚಾರದಲ್ಲಿ ತೊಡಕು ಕಾನೂನಿನಿಂದ ಬಂದದ್ದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ, ತೀವ್ರ ನೋವಿಗೆ ಕೊಡುವ ಅಫೀಮು ಮೂಲದ ಔಷಧ ಮಾರ್ಫಿನ್ ಆಸ್ಪತ್ರೆಗಳಿಂದ ಬಹುತೇಕ ಮರೆಯಾಗಿತ್ತು. 2014ರ ತಿದ್ದುಪಡಿ ಅದನ್ನು ಅಗತ್ಯ ಔಷಧಗಳ ಗುಂಪಿಗೆ ಸೇರಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಟ್ಟುಕೊಳ್ಳುವುದನ್ನು ಸುಗಮಗೊಳಿಸಿತು. ಕಾಯ್ದೆ ಸಡಿಲವಾದರೂ ಹೆದರಿಕೆ ಸಡಿಲವಾಗಿಲ್ಲ. ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರೆ ಎಂಬ ನಂಬಿಕೆ ಮನೆಯವರಲ್ಲಿ ಮಾತ್ರವಲ್ಲ, ನರ್ಸ್‌ಗಳಲ್ಲೂ ಇದೆ. ನೋವಿಗೆ ತಕ್ಕಂತೆ ಪ್ರಮಾಣ ನಿಗದಿ ಮಾಡಿದಾಗ ಹಾಗಾಗುವುದಿಲ್ಲ. ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮುನ್ನವೇ ಕೊಡಬೇಕು, ಜೊತೆಗೆ ಮಲಬದ್ಧತೆಗೆ ಔಷಧ ಇರಲೇಬೇಕು. ಮುಂದಿನ ಸ್ಟ್ರಿಪ್ ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳದೆ ರೋಗಿಯನ್ನು ಹೊಸನಗರಕ್ಕೆ ಕಳಿಸುವುದು, ನೋವನ್ನು ಒಂದು ವಾರ ಮುಂದೂಡಿದಂತೆ ಅಷ್ಟೆ. ಇದರ ಜೊತೆಗೆ ಹೇಳಬೇಕಾದ ಸಣ್ಣ ಮಾತೊಂದಿದೆ: ಕಾಯಿಲೆಯಿಂದ ಮನೆಯಲ್ಲಿ ಸಹಜವಾಗಿ ತೀರಿಕೊಂಡರೆ ಪೊಲೀಸರ ಭಯ ಬೇಡ, ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಸಾಕು, ಡಿಸ್ಚಾರ್ಜ್ ಪತ್ರವನ್ನು ಎಸೆಯಬೇಡಿ. ಸೂತಕದ ಮನೆಯಲ್ಲಿ ಈ ಒಂದು ಮಾತು ಎಷ್ಟು ಓಡಾಟ ಉಳಿಸುತ್ತದೆಂಬುದು ಅನುಭವಿಸಿದವರಿಗೆ ಗೊತ್ತು.

ಆಚರಣೆಗಳ ಬಗ್ಗೆ ನರ್ಸಿಂಗ್ ಪುಸ್ತಕಗಳು ಪಟ್ಟಿಗಳನ್ನು ಕೊಡುತ್ತವೆ. ಹಿಂದೂ ಮನೆಗಳಲ್ಲಿ ತುಳಸಿ, ಗಂಗೋದಕ. ಮುಸ್ಲಿಂ ಮನೆಗಳಲ್ಲಿ ಕಿಬ್ಲಾದ (ಮೆಕ್ಕಾದ ದಿಕ್ಕಿನ) ಕಡೆ ಮುಖ, ಕಲಿಮಾ. ಕ್ರೈಸ್ತರಲ್ಲಿ ಗುರುಗಳಿಂದ ಪವಿತ್ರ ತೈಲದ ಅಭ್ಯಂಗ. ಲಿಂಗಾಯತರಲ್ಲಿ ವಿಭೂತಿ, ಕುಳಿತ ಭಂಗಿಯ ಸಮಾಧಿ ಎಂದು. ಪಟ್ಟಿ ತಪ್ಪಲ್ಲ. ಆದರೆ ಸಾಗರ, ಸೊರಬಗಳ ದೀವರ ಮನೆಯೊಂದರ ಪದ್ಧತಿ ಪಕ್ಕದ ಹವ್ಯಕರ ಮನೆಯದಲ್ಲ, ಒಂದೇ ಜಾತಿಯಲ್ಲೂ ಮನೆಯಿಂದ ಮನೆಗೆ ಬೇರೆ. "ನಿಮ್ಮಲ್ಲಿ ಹೇಗೆ ಮಾಡ್ತೀರಿ, ನಾವು ಏನನ್ನು ಮುಟ್ಟಬಾರದು?" ಎಂದು ಕೇಳುವುದು ಪಟ್ಟಿಗಿಂತ ಮೇಲು.

ಇದೆಲ್ಲ ಈಗ ಸಾರ್ವಜನಿಕ ಚರ್ಚೆಗೆ ಬಂದಿರುವುದಕ್ಕೆ ಕಾನೂನಿನ ಬೆಳವಣಿಗೆಯೂ ಕಾರಣ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಹೇಳಿತು. ಗುಣವಾಗದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಅಂದು ವಿಧಿಸಿದ ವಿಧಾನ ಪಾಲಿಸಲಾಗದಷ್ಟು ಜಟಿಲವಾಗಿದ್ದರಿಂದ 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು. ಮುಂಗಡ ನಿರ್ದೇಶನಕ್ಕೆ ಈಗ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು, ಚಿಕಿತ್ಸೆ ನಿಲ್ಲಿಸುವ ಬಗ್ಗೆ ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಂದರ ನಂತರ ಒಂದು ಅಭಿಪ್ರಾಯ ಕೊಡಬೇಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು 2025ರ ಜನವರಿ 30ರಂದು ಹೊರಡಿಸಿತು. ಸ್ವಾಗತಾರ್ಹ ಹೆಜ್ಜೆ ಇದು. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು: ನ್ಯಾಯಾಲಯ ರೂಪಿಸಿದ ಎರಡೂ ಮಂಡಳಿಗಳಲ್ಲಿ ಇರುವವರು ವೈದ್ಯರು. ವೆಂಟಿಲೇಟರ್ ತೆಗೆದ ಮೇಲೆ ರೋಗಿಯ ಪಕ್ಕದಲ್ಲಿ ನಿಲ್ಲುವವಳು, ತಿಂಗಳುಗಳಿಂದ ಅವನ ಮನೆಯವರ ಮಾತು ಕೇಳಿಸಿಕೊಂಡವಳು ನರ್ಸ್. ಅವಳ ಮಾತಿಗೆ ಆ ತೀರ್ಮಾನದಲ್ಲಿ ನಿಗದಿತ ಜಾಗವಿಲ್ಲ. ಪಕ್ಕದ ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರಲ್ಲಿ ಹಲ್ಲೆಗೊಳಗಾಗಿ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ದಯಾಮರಣ ಕೋರಿದ ಅರ್ಜಿಯ ಮೇಲೆ 2011ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಅರುಣಾ ಪರವಾಗಿ ಮಾತನಾಡುವ ಅರ್ಹತೆ ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಇದೆ ಎಂದಿತು. ದಯಾಮರಣ ಬೇಡವೆಂಬ ಆ ಸಿಬ್ಬಂದಿಯ ನಿಲುವನ್ನು ಎಲ್ಲರೂ ಒಪ್ಪಬೇಕಿಲ್ಲ. ಆರೈಕೆಯೇ ಅರ್ಹತೆಯ ಆಧಾರವೆಂದು ಒಮ್ಮೆ ಒಪ್ಪಿದ ನ್ಯಾಯಾಲಯದ ನಂತರದ ವಿಧಾನದಲ್ಲಿ ಆ ಆರೈಕೆ ಮಾಡುವವರೇ ಕಾಣದಿರುವುದು ನನಗೆ ವಿಚಿತ್ರವೆನಿಸುತ್ತದೆ.

ನರ್ಸ್‌ಗಳ ದುಃಖವನ್ನು ಯಾರ ದುಃಖವೆಂದು ಎಣಿಸಬೇಕು? ಸಮಾಜ ಮಾನ್ಯ ಮಾಡದ ದುಃಖವೊಂದಿದೆ ಎಂದು ಕೆನೆತ್ ಡೋಕಾ 1989ರಲ್ಲಿ ಗುರುತಿಸಿದರು. ರಕ್ತಸಂಬಂಧವಿಲ್ಲದವರು, ಅಳಲು ಹಕ್ಕಿಲ್ಲವೆಂದು ಪರಿಗಣಿಸಲ್ಪಟ್ಟವರು ಅದನ್ನು ಹೊರುತ್ತಾರೆ. ಎರಡು ತಿಂಗಳು ನೋಡಿಕೊಂಡ ರೋಗಿ ತೀರಿಕೊಂಡ ಮೇಲೆ ದೇಹವನ್ನು ಒರೆಸಿ, ಕಣ್ಣು ಮುಚ್ಚಿಸಿ, ಒಡವೆಗಳ ಪಟ್ಟಿಗೆ ಸಹಿ ಪಡೆದು, ಸಾವಿನ ಕಾರಣ ದೃಢೀಕರಿಸುವ ಫಾರ್ಮ್ 4 ಸಿದ್ಧವಾಯಿತೇ ನೋಡಿ, ಹಾಸಿಗೆ ಬದಲಿಸುವಷ್ಟರಲ್ಲಿ ಕ್ಯಾಶುವಾಲ್ಟಿಯಿಂದ ಮುಂದಿನ ರೋಗಿಯ ಕರೆ ಬಂದಿರುತ್ತದೆ. ಮಂಗನ ಕಾಯಿಲೆ ಹಬ್ಬಿದ ವರ್ಷಗಳಲ್ಲಿ ಇದು ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ 2019ರಲ್ಲಿ ಸಾಗರದ ಅರಲಗೋಡು ಸುತ್ತ ಸಾವುಗಳನ್ನು ತಂದಾಗ, ಸತ್ತವರು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತರೇ. ನರ್ಸ್‌ಗಳಲ್ಲಿ ಕಾಣುವ ಈ ಬಳಲಿಕೆಗೆ ಮರುಕದ ದಣಿವು ಎಂಬ ಅರ್ಥದ ಹೆಸರು 1992ರಲ್ಲಿಯೇ ಬಂತು. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಆರಂಭಿಸಿದ ಒಂದು ಪದ್ಧತಿಯಲ್ಲಿ, ಸಾವಿನ ನಂತರ ಹಾಸಿಗೆಯ ಸುತ್ತ ಇದ್ದವರೆಲ್ಲ ಅಲ್ಪ ಹೊತ್ತು ಸುಮ್ಮನೆ ನಿಂತು, ತೀರಿಕೊಂಡವರು ಯಾರದೋ ಮಗ, ಯಾರದೋ ತಾಯಿ ಎಂದು ನೆನೆಯುತ್ತಾರೆ. ಇದಕ್ಕೆ ಖರ್ಚಿಲ್ಲ, ಅನುದಾನ ಬೇಡ. ಆದರೆ ಇಬ್ಬರು ನರ್ಸ್‌ಗಳು ಇಡೀ ವಾರ್ಡನ್ನು ನೋಡಿಕೊಳ್ಳುವ ರಾತ್ರಿಪಾಳಿಯಲ್ಲಿ ಒಂದು ನಿಮಿಷವೂ ದೊಡ್ಡದೇ ಎಂಬುದನ್ನು ಮರೆತು ಇಂಥ ಸಲಹೆ ಕೊಡುವುದು ಸುಲಭ.

ಮನೆಗೆ ಹೋದ ರೋಗಿಯನ್ನು ಹಿಂಬಾಲಿಸುವ ವ್ಯವಸ್ಥೆ ಸಾಧ್ಯವೆಂಬುದನ್ನು ಕೇರಳ ತೋರಿಸಿದೆ. 1993ರಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಣ್ಣ ನೋವು ನಿವಾರಣಾ ಕ್ಲಿನಿಕ್ಕಾಗಿ ಆರಂಭವಾದದ್ದು, ಊರಿನ ಸ್ವಯಂಸೇವಕರ ಜಾಲವಾಗಿ ಬೆಳೆದು, 2008ರಲ್ಲಿ ರಾಜ್ಯದ ನೀತಿಯಾಗಿ, ಪಂಚಾಯತಿಯ ಆಶ್ರಯದಲ್ಲಿ ತರಬೇತಾದ ನರ್ಸ್ ಮನೆ ಮನೆಗೆ ಹೋಗುವಲ್ಲಿಗೆ ಬಂತು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್ ಸಂಸ್ಥೆಗಳು ದೊಡ್ಡ ಕೆಲಸ ಮಾಡಿವೆ, ಆದರೆ ಅವು ಇರುವುದು ನಗರದಲ್ಲಿ. ಮಲೆನಾಡಿನ ಮಟ್ಟಿಗೆ ಇರುವ ಆಸರೆಯೆಂದರೆ ಹಳ್ಳಿಗಳಲ್ಲಿರುವ ಸರ್ಕಾರಿ ಆರೋಗ್ಯ ಕೇಂದ್ರಗಳಾದ ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯಾಧಿಕಾರಿಗಳು. ಅವರಲ್ಲಿ ಹೆಚ್ಚಿನವರು ನರ್ಸಿಂಗ್ ಪದವೀಧರರು, ಅವರು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆ ಇದೆ. ಶಿವಮೊಗ್ಗದ ವಾರ್ಡಿನಿಂದ ಹೊರಟ ರೋಗಿಯ ವಿವರ ಅದೇ ದಿನ ಆ ಊರಿನ ಅಧಿಕಾರಿಗೂ ಆಶಾ ಕಾರ್ಯಕರ್ತೆಗೂ ಫೋನಿನಲ್ಲಿ ತಲುಪಿದರೆ, ಅಷ್ಟರಿಂದಲೇ ಬಹಳಷ್ಟು ಬದಲಾಗುತ್ತದೆ.

ಸಾವಿನ ನಂತರದ ಭೇಟಿಯೂ ಈ ಕೆಲಸದ ಭಾಗ. ಹದಿಮೂರು ದಿನ ಮನೆ ತುಂಬ ಜನರಿರುತ್ತಾರೆ. ವೈಕುಂಠ ಸಮಾರಾಧನೆ ಮುಗಿದು ನೆಂಟರು ಬಸ್ಸು ಹತ್ತಿದ ಮೇಲಿನ ವಾರಗಳು ಕಠಿಣವಾದವು, ಭೇಟಿ ಆಗ ಬೇಕು. ಮಾಸಿಕ, ವರ್ಷಾಂತಿಕಗಳು ಮೊದಲ ವರ್ಷದ ದುಃಖಕ್ಕೆ ಒಂದು ಚೌಕಟ್ಟನ್ನು ಕೊಡುತ್ತವೆ, ಹೆಚ್ಚಿನವರು ಅದರೊಳಗೇ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದವರೂ ಇದ್ದಾರೆ. ದೀರ್ಘಕಾಲದ ಶೋಕವನ್ನು ಕಾಯಿಲೆಯೆಂದು ಪರಿಗಣಿಸಲು ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣ ಆರು ತಿಂಗಳನ್ನು, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ವಯಸ್ಕರಿಗೆ ಒಂದು ವರ್ಷವನ್ನು ಕನಿಷ್ಠ ಅವಧಿಯಾಗಿ ಇಟ್ಟಿವೆ. ಅದಕ್ಕೂ ಮುನ್ನ ಯಾರಾದರೂ ಸಾಯುವ ಮಾತಾಡಿದರೆ, ಕುಡಿತ ಹೆಚ್ಚಿದರೆ, ಊಟ ನಿದ್ದೆ ಪೂರ್ತಿ ಕೆಟ್ಟರೆ ಅವಧಿಯನ್ನು ಕಾಯಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲಿಯೇ ಮಾತನಾಡಬಹುದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಕಳಿಸಬಹುದು.

ಆ ಭೇಟಿಯಲ್ಲಿ ಯಾರನ್ನು ಮಾತನಾಡಿಸಬೇಕು ಎಂಬುದನ್ನು ಯೋಚಿಸಿಯೇ ಹೋಗಬೇಕು. ಮುಂಬಾಗಿಲಲ್ಲಿ ಕೂರಿಸಿ ಮಾತನಾಡುವವರು ಗಂಡುಮಕ್ಕಳು. ಅತ್ತೆಯನ್ನೋ ಮಾವನನ್ನೋ ಎರಡು ವರ್ಷ ಎತ್ತಿ ಇಳಿಸಿ, ಬಟ್ಟೆ ಬದಲಿಸಿ, ರಾತ್ರಿ ಮೂರು ಸಲ ಎದ್ದ ಸೊಸೆ ಒಳಗೆ ಚಹಾ ಮಾಡುತ್ತಿರುತ್ತಾಳೆ. ಅವಳು ಹೆತ್ತವರನ್ನು ಕಳೆದುಕೊಂಡವಳಲ್ಲವಾದ್ದರಿಂದ ಯಾರೂ ಅವಳನ್ನು ಸಮಾಧಾನ ಮಾಡುವುದಿಲ್ಲ, "ಪಾಪ, ಇನ್ನಾದ್ರೂ ಸ್ವಲ್ಪ ಆರಾಮಾಯ್ತಲ್ಲ" ಎನ್ನುತ್ತಾರೆ. ಅವಳಿಗೆ ಬಿಡುಗಡೆಯೂ ಆಗಿದೆ, ಬಿಡುಗಡೆಯಾಯಿತೆಂಬ ಪಾಪಪ್ರಜ್ಞೆಯೂ ಇದೆ, ದಿನವಿಡೀ ಮಾಡಲು ಇದ್ದ ಕೆಲಸ ಒಮ್ಮೆಲೇ ನಿಂತ ಗೊಂದಲವೂ ಇದೆ. ರಕ್ತದೊತ್ತಡ ನೋಡುವ ನೆಪದಲ್ಲಿ ನರ್ಸ್ ಅಡುಗೆಮನೆಯವರೆಗೆ ಹೋಗಬಹುದು, ಅವಳ ಬೆನ್ನುನೋವನ್ನೂ ನಿದ್ದೆಯನ್ನೂ ವಿಚಾರಿಸಬಹುದು. ಕೊನೆಯ ರಾತ್ರಿ ಏನಾಯಿತು, ತಾನು ಮಾಡಿದ್ದು ಸರಿಯಿತ್ತೇ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಮಗ್ಗುಲಿಗೆ ಮಲಗಿಸಿದ್ದು, ಗಂಜಿ ಒತ್ತಾಯ ಮಾಡದೆ ಬಾಯಿ ಒರೆಸಿದ್ದು ಸರಿಯೇ ಎಂದು, ಕಾರಣ ಸಮೇತ ಹೇಳಲು ಬಲ್ಲವರು ಆ ಊರಿನಲ್ಲಿ ಆ ನರ್ಸ್ ಒಬ್ಬರೇ.